ಮುಚ್ಚದ ಗ್ಲೌಸ್

ಗ್ಲೌಸ್ ಮುಚ್ಚುತ್ತಿರಲಿಲ್ಲ. ಇದೊಂದನ್ನು ಮಾತ್ರ ಖಚಿತವಾಗಿ ಹೇಳಬಲ್ಲೆ. ಅದನ್ನು ಯಾರು ಆರಿಸಿದರು, ಯಾರು ಕೆಡಿಸಿದರು ಎಂಬುದನ್ನು ಇಷ್ಟು ದಿನ ಎಲ್ಲರಿಗೂ ಒಂದೇ ರೀತಿಯಲ್ಲಿ ಹೇಳಿಕೊಂಡು ಬಂದಿದ್ದೇನೆ. ಆ ರೀತಿ ತುಂಬ ಅಚ್ಚುಕಟ್ಟಾಗಿದೆ. ನನ್ನ ಅನುಮಾನ ಶುರುವಾಗುವುದೇ ಅಲ್ಲಿ.

ಮಗಳಿಗೆ ಆಗ ಹನ್ನೊಂದು ವರ್ಷ. ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಸಾಫ್ಟ್‌ಬಾಲ್ ಶುರು ಮಾಡಿದ್ದರು. ಚೆಂಡು ಮೋಸಂಬಿಗಿಂತ ದೊಡ್ಡದು, ಮುಟ್ಟಿದರೆ ಕಲ್ಲು. ಒಂದು ಸಂಜೆ ಅವಳು ಬಟ್ಟೆ ಬದಲಿಸುವಾಗ ಎದೆಯ ಮೇಲ್ಭಾಗದಲ್ಲಿ ಒಂದು ನೀಲಿ ಕಲೆ ಕಂಡಿತು. ಅದರ ನಡುವೆ ಚೆಂಡಿನ ಹೊಲಿಗೆಯ ಗುರುತು ಸಣ್ಣಗೆ ಮೂಡಿತ್ತು. ಚೆಂಡು ಗ್ಲೌಸಿಗೇ ಬಿದ್ದಿತ್ತಂತೆ, ಗ್ಲೌಸ್ ಮುಚ್ಚಲಿಲ್ಲವಂತೆ, ಪುಟಿದು ಬಂದು ಬಡಿಯಿತಂತೆ. ನಾನು ಬೆರಳಿಟ್ಟು ಅಳೆದೆ. ನಾಲ್ಕು ಬೆರಳು ಮೇಲಾಗಿದ್ದರೆ ಗಂಟಲು. ಒಂದು ಗೇಣು ಮೇಲಾಗಿದ್ದರೆ ಕಣ್ಣು. ಅಳೆಯುವುದು ನನಗೆ ರೂಢಿ. ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಬಿಡಿಭಾಗಗಳ ಅಳತೆ ಪರೀಕ್ಷಿಸುವುದು ನನ್ನ ಕೆಲಸ. ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೂ ಕೆಂಪು ಡಬ್ಬಿಗೆ ಹಾಕುತ್ತೇನೆ.

ಮರುದಿನ ಬೆಳಿಗ್ಗೆ ಪಿ.ಟಿ. ಮಿಸ್ ಶಾಲೆಯ ಗೇಟಿನಲ್ಲೇ ನನ್ನನ್ನು ನಿಲ್ಲಿಸಿದರು.

“ಮೇಡಂ, ಶನಿವಾರ ಟೀಮ್ ಸೆಲೆಕ್ಷನ್. ಅಷ್ಟರೊಳಗೆ ಆ ಗ್ಲೌಸ್ ಮುಚ್ಚೋ ಹಂಗೆ ಮಾಡ್ಸಿ. ಇಲ್ಲಾಂದ್ರೆ ಅವ್ಳನ್ನ ಗ್ರೌಂಡಿಗೆ ಇಳ್ಸಲ್ಲ. ಮುಖಕ್ಕೆ ಬಿದ್ರೆ ನಾನೇನು ಹೇಳ್ಲಿ?”

“ಸ್ಕೂಲಿಂದು ಒಂದು ಕೊಟ್ಟಿದ್ರೆ…”

“ಸ್ಕೂಲಿಂದು ಟೀಮಿಗೆ ಸೇರಿದವ್ರಿಗೆ ಮಾತ್ರ ಮೇಡಂ.”

“ಬಳಸ್ತಾ ಬಳಸ್ತಾ ಸಡಿಲ ಆಗತ್ತೆ ಅಂದ್ರು ಅಂಗಡಿಯವ್ರು.”

“ಸಡಿಲ ಆಗೋಕೆ ಮೊದ್ಲು ಅದು ಅವಳ ಕೈಗೆ ಕೂರ್ಬೇಕಲ್ಲ. ಯಾರ ಕೈಗೆ ಅಂತ ತಗೊಂಡ್ರಿ?”

ಅದಕ್ಕೆ ನನ್ನ ಹತ್ತಿರ ಉತ್ತರ ಸಿದ್ಧವಿತ್ತು. ನಾಗಸಂದ್ರ ಮೆಟ್ರೋ ನಿಲ್ದಾಣದ ಪಕ್ಕದ ಬೀದಿಯಲ್ಲಿ ಆಟದ ಸಾಮಾನಿನ ಅಂಗಡಿ. ಗೋಡೆ ತುಂಬ ಕ್ರಿಕೆಟ್. ಹಿಂದೆ ಒಂದು ಮೊಳೆಗೆ ಎರಡೇ ಸಾಫ್ಟ್‌ಬಾಲ್ ಗ್ಲೌಸ್, ಒಂದು ಚಿಕ್ಕದು, ಒಂದು ದೊಡ್ಡದು. ಮಗಳು ಯೂನಿಫಾರ್ಮಿನಲ್ಲಿ ನನ್ನ ಪಕ್ಕ ನಿಂತಿದ್ದಾಳೆ. ಅಂಗಡಿಯವನು, “ಮಕ್ಳು ಬೆಳೀತಾರೆ ಮೇಡಂ, ಒಂದು ಸೈಜ್ ದೊಡ್ಡದೇ ತಗೊಳ್ಳಿ” ಎನ್ನುತ್ತಾನೆ. ನಾವು ಎಲ್ಲವನ್ನೂ ಹಾಗೇ ತಾನೇ ಕೊಳ್ಳುವುದು? ಲಂಗದ ಅಂಚು ಮಡಚಿ ಹೊಲಿಯುತ್ತೇವೆ. ಶೂಗಳ ತುದಿಗೆ ಹತ್ತಿ ತುರುಕುತ್ತೇವೆ. ತಪ್ಪು ಅಂಗಡಿಯವನದು. ಇದು ನನ್ನ ಕಥೆಯ ಮೊದಲ ಭಾಗ.

ಎರಡನೆಯ ಭಾಗದಲ್ಲಿ ತಪ್ಪು ಅತ್ತೆಯದು.

ಗುರುವಾರ ಸಂಜೆ ಮಗಳು ಆ ಗ್ಲೌಸನ್ನು ಮಂಡಿಗಳ ನಡುವೆ ಇಟ್ಟು ಅದುಮುತ್ತಿದ್ದಳು. ಬಿಟ್ಟ ಕೂಡಲೇ ಅದು ಮತ್ತೆ ಅಗಲವಾಗುತ್ತಿತ್ತು. ಅತ್ತೆ ತಮ್ಮ ಎಲೆಯಡಿಕೆ ಬಿಟ್ಟು ಬಂದು ಅದನ್ನು ಮೂಸಿ ನೋಡಿದರು.

“ತೊಗ್ಲು ಒಣಗೋಗೈತೆ. ಎಣ್ಣೆ ಕುಡ್ಸಿ.”

“ಮಿಸ್ ಒಂದೇ ತೊಟ್ಟು ಬಟ್ಟೇಲಿ ಒರ್ಸಿ ಅಂದಿದ್ದಾರೆ ಅಜ್ಜಿ.”

“ನಿಮ್ ಮಿಸ್ಸು ಯಾವತ್ತು ಕಪಿಲೆ ಹೊಡ್ದಿದ್ಲು?”

ಮಗಳು ನಕ್ಕಳು. ಈಗ ಕಾರ್ಖಾನೆಯ ಶೆಡ್ಡುಗಳಿರುವ ಕಡೆ ಅತ್ತೆಯ ತವರಿನ ಹೊಲವಿತ್ತು. ಬಾವಿಯಿಂದ ನೀರೆತ್ತಲು ಎತ್ತುಗಳು ದೊಡ್ಡ ತೊಗಲಿನ ಚೀಲವನ್ನು ಎಳೆಯುತ್ತಿದ್ದವು. ಅದೇ ಕಪಿಲೆ. ಆ ಚೀಲಕ್ಕೆ ಹರಳೆಣ್ಣೆ ಹಾಕುವುದು ಹುಡುಗಿಯಾಗಿದ್ದ ಅತ್ತೆಯ ಕೆಲಸ. ಗ್ಲೌಸಿಗೂ ಹಾಗೇ ಮಾಡಿದರು. ಅಂಗೈ ಜಾಗಕ್ಕೆ ಎಣ್ಣೆ ಸುರಿದು, ಹೆಬ್ಬೆರಳಿನಿಂದ ತಿಕ್ಕಿ, ಒಳಗೆ ಚೆಂಡಿಟ್ಟು, ಹಳೇ ಸೀರೆಯ ಅಂಚಿನಿಂದ ಬಿಗಿದು ಕಟ್ಟಿದರು.

ಶುಕ್ರವಾರ ಬೆಳಿಗ್ಗೆ ಕಟ್ಟು ಬಿಚ್ಚಿದಾಗ ಕಂದು ಬಣ್ಣ ಕಪ್ಪಾಗಿತ್ತು. ಗ್ಲೌಸ್ ಒದ್ದೆ ಟವೆಲಿನಂತೆ ಜೋತುಬಿತ್ತು. ಮುಚ್ಚುತ್ತಿತ್ತು, ಹೌದು. ಆದರೆ ತೆರೆಯುತ್ತಿರಲಿಲ್ಲ. ಮಗಳು ಹಾಕಿಕೊಂಡು ಕೈಯೆತ್ತಿದರೆ ಮಣಿಕಟ್ಟು ಬಾಗಿ ಕೆಳಗೆ ಬಂತು.

“ಅಂಗೇ ಬಿಡು, ಹೀರ್ಕಂತದೆ” ಎಂದರು ಅತ್ತೆ. ಅವರ ದನಿಯಲ್ಲಿ ಹಿಂದಿನ ಸಂಜೆಯ ಧೈರ್ಯ ಇರಲಿಲ್ಲ.

ನಾನು ರಜೆ ಹಾಕಿ ಕುಳಿತೆ. ಕಡಲೆಹಿಟ್ಟು ಉದುರಿಸಿ ಎಣ್ಣೆ ಹೀರಿಸಿದೆ, ಕೊಡವಿದೆ, ಹಳೇ ಬನಿಯನ್ನಿನಿಂದ ಒರೆಸಿದೆ. ಬಿಸಿಲಿಗಿಟ್ಟರೆ ಬಿರುಕು ಬಿಟ್ಟೀತೆಂದು ಫ್ಯಾನಿನ ಕೆಳಗಿಟ್ಟೆ. ಒಳಭಾಗ ಒರೆಸಲು ಎಡಗೈಯನ್ನು ಪೂರ್ತಿ ತೂರಿಸಿದೆ. ಬೆರಳುಗಳು ತಮ್ಮ ತಮ್ಮ ಜಾಗಕ್ಕೆ ಹೋಗಿ ಕುಳಿತವು. ಎಲ್ಲೂ ಸಡಿಲವಿರಲಿಲ್ಲ, ಎಲ್ಲೂ ಬಿಗಿಯಿರಲಿಲ್ಲ. ಈ ಅಳತೆ ನನ್ನ ಕೈಗೆ ಮೊದಲೇ ಗೊತ್ತಿತ್ತು.

ಆ ಅಂಗಡಿ ನಾನು ಕೆಲಸದಿಂದ ಮರಳುವ ದಾರಿಯಲ್ಲಿದೆ. ಆ ಹೊತ್ತಿಗೆ ಮಗಳು ಟ್ಯೂಷನ್ನಿನಲ್ಲಿರುತ್ತಾಳೆ. ಹಾಗಾದರೆ ಯೂನಿಫಾರ್ಮಿನ ಹುಡುಗಿ ನನ್ನ ಪಕ್ಕದಲ್ಲಿ ಹೇಗೆ ನಿಂತಿದ್ದಳು? ಅವಳನ್ನು ಆಮೇಲೆ ಅಲ್ಲಿ ತಂದು ನಿಲ್ಲಿಸಿದವಳು ನಾನೇ. ನಾನು ಒಬ್ಬಳೇ ಹೋಗಿದ್ದೆ. ನನ್ನ ಕೈಗೆ ಹಾಕಿ ನೋಡಿದ್ದೆ. ಹೊಸ ತೊಗಲು, ಒಳ್ಳೆ ವಾಸನೆ, ಹಿತವಾಗಿತ್ತು. ಅಂಗಡಿಯವನು ಆ ಮಾತು ಆಡಿದ್ದನೋ ಇಲ್ಲವೋ ಈಗ ಹೇಳಲಾರೆ. ಇನ್ನೊಂದು ವಿಷಯ: ಹರಳೆಣ್ಣೆ ಬಾಟಲಿ ಇರುವುದು ಅಡುಗೆಮನೆಯ ಮೇಲಿನ ಗೂಡಿನಲ್ಲಿ. ಅದು ಅತ್ತೆಗೆ ಎಟುಕುವುದಿಲ್ಲ. ಇಳಿಸಿಕೊಟ್ಟ ನೆನಪು ನನಗಿಲ್ಲ. ಆದರೆ ಮನೆಯಲ್ಲಿರುವ ನಾವು ಮೂವರಲ್ಲಿ ಅಷ್ಟು ಎತ್ತರದವಳು ನಾನೊಬ್ಬಳೇ.

ಶನಿವಾರ ಅತ್ತೆ ಮೈದಾನಕ್ಕೆ ಬರಲಿಲ್ಲ. ಕಾಲು ನೋವು ಎಂದರು.

ಮಿಸ್ ಗ್ಲೌಸನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು. “ಏನಿದು, ಬಜ್ಜಿ ಮಾಡಿದ್ರಾ?” ಹುಡುಗಿಯರು ನಕ್ಕರು. ಮಗಳು ನಗಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಮಿಸ್ ಸ್ವಲ್ಪ ಯೋಚಿಸಿ, “ಸರಿ, ಮುಚ್ಚತ್ತೆ ತಾನೇ? ಮೂರು ಎಸೀತೀನಿ. ನೋಡೋಣ” ಎಂದರು.

ಮೊದಲ ಚೆಂಡಿಗೆ ಗ್ಲೌಸ್ ಏಳಲೇ ಇಲ್ಲ. ಚೆಂಡು ಭುಜದ ಪಕ್ಕದಲ್ಲೇ ಹಾದುಹೋಯಿತು. ನಾನು ಎದ್ದು ನಿಂತೆ. ಎರಡನೆಯದಕ್ಕೆ ಅವಳು ಬಲಗೈಯನ್ನು ಗ್ಲೌಸಿನ ಕೆಳಗೆ ಕೊಟ್ಟು ಎತ್ತಿದಳು. ಚೆಂಡು ಒಳಗೆ ಬಿದ್ದಿತು, ಅದೇ ಬಲಗೈ ಮೇಲೆ ಬಂದು ಮುಚ್ಚಿತು. ಮೂರನೆಯದೂ ಹಾಗೇ.

“ಎರಡು ಕೈ ಹಾಕೋದು ಯಾರು ಹೇಳ್ಕೊಟ್ರು?”

“ಯಾರೂ ಇಲ್ಲ ಮಿಸ್. ಭಾರ.”

ಮಿಸ್ ಪಟ್ಟಿಯಲ್ಲಿ ಏನೋ ಬರೆದುಕೊಂಡು ಶಾಲೆಯ ಚೀಲದಿಂದ ಒಂದು ಚಿಕ್ಕ ಹಳೇ ಗ್ಲೌಸ್ ತೆಗೆದು ಎಸೆದರು. “ಇದು ಹಾಕ್ಕೋ. ಅದನ್ನ ಅಮ್ಮನಿಗೆ ಕೊಟ್ಬಿಡು.”

ಮಗಳು ಓಡಿ ಬಂದು ಅದನ್ನು ನನ್ನ ಕೈಗೆ ತುರುಕಿ, “ಇನ್ನು ಇದಕ್ಕೆ ಯಾರೂ ಏನೂ ಹಚ್ಬೇಡಿ” ಎಂದು ಹೇಳಿ ಹೋದಳು. ಆಟ ಶುರುವಾಯಿತು. ಅವಳನ್ನು ಮೈದಾನದ ಬಲ ಮೂಲೆಯಲ್ಲಿ ನಿಲ್ಲಿಸಿದ್ದರು. ನಾನು ಯಾವಾಗ ಗ್ಲೌಸನ್ನು ಹಾಕಿಕೊಂಡೆನೋ ಗೊತ್ತಿಲ್ಲ. ಚೆಂಡು ಆ ಮೂಲೆಯ ಕಡೆ ಹಾರಿದಾಗಲೆಲ್ಲ, ಹರಳೆಣ್ಣೆ ನಾರುವ ಆ ತೊಗಲು ನನ್ನ ಕೈಯಲ್ಲಿ ಮುಚ್ಚಿಕೊಳ್ಳುತ್ತಿತ್ತು.