ಒಲೆ ಹಚ್ಚು ಎಂದದ್ದು ಯಾರಿಗೆ?

ಕೊರೊನಾ ಮುಗಿದು ಶಾಲೆಗಳು ಮತ್ತೆ ತೆರೆದ ಮರುವರ್ಷ ನಾನು ಬೈಲಹೊಂಗಲದಲ್ಲಿ ಒಂದು ಕನ್ನಡ ದಿನಪತ್ರಿಕೆಯ ವರದಿಗಾರನಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ಸುದ್ದಿಯೂ ನನ್ನ ಪಾಲಿಗೇ ಇತ್ತು. ಅದರ ಜೊತೆಗೆ ಭಾನುವಾರದ ಪುರವಣಿಯಲ್ಲಿ ಪುಸ್ತಕಗಳ ಬಗ್ಗೆ ಒಂದು ಸಣ್ಣ ಅಂಕಣ ಬರೆಯುತ್ತಿದ್ದೆ. ಓದುಗರು ಒಂದು ವಿಷಯ ಕೇಳುತ್ತಿದ್ದರು. ಅದನ್ನು ತಿಳಿಯಲು ನಂಬಬಹುದಾದ ನಾಲ್ಕಾರು ಪುಸ್ತಕ ಯಾವುವೆಂದು ನಾನು ಹೇಳುತ್ತಿದ್ದೆ. ಬಾವಿ ತೋಡುವುದರಿಂದ ಹಿಡಿದು ಸಕ್ಕರೆ ಕಾಯಿಲೆಯವರೆಗೆ ಪ್ರಶ್ನೆ ಬರುತ್ತಿದ್ದವು. ಆ ಅಂಕಣದ ಮೇಲೆ ಯಾರೂ ಜಗಳ ತೆಗೆದಿರಲಿಲ್ಲ.

ಜಗಳ ಶುರುವಾದದ್ದು ಶಾಂತಕ್ಕನ ಪ್ರಶ್ನೆಯಿಂದ. ಶಾಂತಕ್ಕ ದೊಡವಾಡದ ಒಕ್ಕಲುತನದ ಮನೆಯವರು, ಬೈಲಹೊಂಗಲದ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಒಂದು ಮಧ್ಯಾಹ್ನ ಅವರು ಸೈಕಲ್ ಅಂಗಡಿಯ ಮೇಲಿದ್ದ ನನ್ನ ಕೋಣೆಗೆ ಮೆಟ್ಟಿಲು ಹತ್ತಿ ಬಂದು, ಬಂಗಾರದ ಬಣ್ಣದ ರಟ್ಟಿನ ದಪ್ಪ ಪುಸ್ತಕವೊಂದನ್ನು ಮೇಜಿನ ಮೇಲಿಟ್ಟರು.

“ಸರ, ಹುಣಸಿಗಿಡದ ಅಜ್ಜಾರ ವಿಚಾರ ಸರಿಯಾಗಿ ಓದಬೇಕಂದ್ರ ಚೊಲೊ ಪುಸ್ತಕ ಯಾವು? ಒಂದು ಪಟ್ಟಿ ಮಾಡಿಕೊಡ್ರಿ. ಅದಕ್ಕೂ ಮದಲ ಈ ಪಾನಾ ನೋಡ್ರಿ.”

ಅಧ್ಯಾಯದ ಹೆಸರು ‘ಸ್ತ್ರೀಯರಿಗೆ ಉಪದೇಶ’. ಪುಟದ ನಡುವೆ ಒಂದೇ ಸಾಲು: “ಪುಸ್ತಕ ಕೆಳಗಿಡು. ಒಲೆ ಹಚ್ಚು.”

ಹುಣಸಿಗಿಡದ ಅಜ್ಜ ಯಾರೆಂದು ಇಲ್ಲಿ ಹೇಳಬೇಕು. ತೊರಗಲ್ ಕೋಟೆಯ ಹೊರಗೆ ಒಂದು ಹುಣಸೆ ಮರದ ಕೆಳಗೆ ಬಾಳಿದ ಸಾಧಕ. ತೀರಿಕೊಂಡು ಐದು ದಶಕಗಳ ಮೇಲಾಗಿದೆ. ಮನುಷ್ಯ ಎದ್ದು ಓಡಾಡುವಾಗಲೂ ಮೂರು ನಿದ್ದೆಗಳಲ್ಲಿರುತ್ತಾನೆ ಎಂಬುದು ಅವರ ಬೋಧನೆ: ಅನ್ನದ ನಿದ್ದೆ, ಮಾತಿನ ನಿದ್ದೆ, ಹೆಸರಿನ ನಿದ್ದೆ. ಒಂದೊಂದರಿಂದ ಎಚ್ಚರಾಗುವ ದಾರಿಯೂ ಬೇರೆ. ಆ ದಾರಿಯನ್ನು ಅವರು ಎಲ್ಲರಿಗೂ ಒಂದೇ ರೀತಿ ಹೇಳಲಿಲ್ಲ, ತಾವಾಗಿ ಏನನ್ನೂ ಬರೆಯಲೂ ಇಲ್ಲ. ಕೇಳಿದವರಿಗೆ ಕೇಳಿದಷ್ಟು ಉತ್ತರ ಕೊಟ್ಟರು, ಅಷ್ಟೇ.

ಅವರ ಹೆಸರಿನ ಟ್ರಸ್ಟ್ ಸವದತ್ತಿಯಲ್ಲಿದೆ. ಬೈಲಹೊಂಗಲದ ಬಜಾರಿನಲ್ಲಿ ಟ್ರಸ್ಟಿನದೊಂದು ಸಭಾಂಗಣವಿದೆ. ಶಾಂತಕ್ಕ ಮತ್ತು ಹನ್ನೆರಡು ಮಂದಿ ಹೆಂಗಸರು ಪ್ರತಿ ಗುರುವಾರ ಅಲ್ಲಿ ಕೂತು ಅಜ್ಜನ ಮಾತುಗಳನ್ನು ಓದಿ ಚರ್ಚಿಸುತ್ತಿದ್ದರು. ಇನ್ನು ಮುಂದೆ ಸಭಾಂಗಣ ಸಿಗುವುದಿಲ್ಲ ಎಂದು ಟ್ರಸ್ಟ್ ತಿಳಿಸಿತ್ತು. ಹೆಂಗಸರು ಭಜನೆ ಮಾಡಲಿ, ಪ್ರಸಾದ ಮಾಡಲಿ, ಓದಿ ಅರ್ಥ ಬಿಡಿಸುವುದು ಬೇಡ. ಇದು ತಮ್ಮ ಮಾತಲ್ಲ, ಅಜ್ಜನದೇ ಅಪ್ಪಣೆ. ಆಧಾರ ಆ ಸಾಲು.

“ಅರ್ಧ ಮಂದಿ ಮನಿಯಾಗ ಗಂಡಂದ್ರು ಈ ಪಾನಾ ತಗದು ತೋರ್ಸ್ಯಾರ್ರಿ,” ಎಂದರು ಶಾಂತಕ್ಕ. “ನೋಡ್ರಿ ಸರ, ಅಜ್ಜಾರು ನಮಗ ಖರೇನ ಹಿಂಗ ಹೇಳಿದ್ರ ನಾ ಇವತ್ತ ಪುಸ್ತಕ ಇಡತೇನಿ. ಹೇಳಿರಲಿಲ್ಲಂದ್ರ, ಇವರ ಮಾತಿಗೆ ಇಡೂದಿಲ್ಲ. ಯಾವುದು ಖರೆ ಅನ್ನೂದು ನನಗ ಬೇಕು.”

ಪತ್ರಿಕೆಯಲ್ಲಿ ನಾವು ಮೊದಲ ದಿನವೇ ಕಲಿಯುವ ಪಾಠವೊಂದಿದೆ. ಅದಕ್ಕೆ ‘ಅಟ್ರಿಬ್ಯೂಷನ್’ ಎನ್ನುತ್ತಾರೆ: ಮಾತನ್ನು ಆಡಿದವರು ಯಾರು, ಯಾರಿಗೆ, ಎಲ್ಲಿ, ಕೇಳಿಸಿಕೊಂಡವರು ಯಾರು. ಇದಿಲ್ಲದ ಹೇಳಿಕೆಯನ್ನು ಸುದ್ದಿ ತಿದ್ದುವ ಡೆಸ್ಕ್ ಪುಟಕ್ಕೆ ಬಿಡುವುದಿಲ್ಲ. ಶಾಸಕರ ಮಾತಿಗೆ ಇರುವ ಈ ನಿಯಮ ಸಂತರ ಮಾತಿಗೆ ಏಕಿರಬಾರದು ಎಂದುಕೊಂಡು ಹುಡುಕಲು ಹೊರಟೆ.

ಕಿತ್ತೂರಿನ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಅಜ್ಜನ ಬಗ್ಗೆ ಮೂರು ಪುಸ್ತಕ ಸಿಕ್ಕವು. ಒಂದು, ಪವಾಡಗಳ ಸಂಗ್ರಹ. ಅದರಲ್ಲಿ ಅಜ್ಜ ಹಾವನ್ನು ಮಾತಾಡಿಸುತ್ತಾರೆ, ಮಳೆ ನಿಲ್ಲಿಸುತ್ತಾರೆ. ಮೂರು ನಿದ್ದೆಗಳ ಸುದ್ದಿಯೇ ಇಲ್ಲ. ಎರಡನೆಯದು ಪ್ರಾಧ್ಯಾಪಕರೊಬ್ಬರ ಸಂಶೋಧನಾ ಪ್ರಬಂಧ. ಭಾಷೆ ಕಬ್ಬಿಣದ ಕಡಲೆ, ಆದರೆ ನಿದ್ದೆಗಳ ವಿವರಣೆಯ ಅಧ್ಯಾಯ ಪ್ರಾಮಾಣಿಕ. ಮೂರನೆಯದು ಟ್ರಸ್ಟಿನ ಬಂಗಾರದ ರಟ್ಟಿನದು. ಪ್ರಬಂಧದ ಅಡಿಟಿಪ್ಪಣಿಗಳು ಮಾತ್ರ ಮತ್ತೆ ಮತ್ತೆ ನಾಲ್ಕನೆಯ ಒಂದು ಪುಸ್ತಕದ ಕಡೆಗೆ ಬೆರಳು ತೋರಿಸುತ್ತಿದ್ದವು: ಅಜ್ಜ ಬದುಕಿದ್ದಾಗಲೇ ಭಕ್ತರು ಅಚ್ಚು ಹಾಕಿಸಿದ್ದ ಒಂದು ತೆಳುವಾದ ಪುಸ್ತಕ. ಅದು ಯಾವ ಕಪಾಟಿನಲ್ಲೂ ಇರಲಿಲ್ಲ.

ಸವದತ್ತಿಯಲ್ಲಿ ಟ್ರಸ್ಟಿನ ಕಾರ್ಯದರ್ಶಿ ಈರಣ್ಣನವರನ್ನು ಅವರ ಬಟ್ಟೆ ಅಂಗಡಿಯಲ್ಲೇ ಕಂಡೆ. ಬಂಗಾರದ ರಟ್ಟಿನ ಪುಸ್ತಕವನ್ನು ಸಂಪಾದಿಸಿದವರು ಅವರೇ. ಅಜ್ಜನ ಹೆಸರು ಹೇಳುವಾಗ ಕೈ ತಾನಾಗಿ ಎದೆಗೆ ಹೋಗುತ್ತಿತ್ತು. ಆ ಭಕ್ತಿಯಲ್ಲಿ ನನಗೆ ಅಂದೂ ಅನುಮಾನ ಬರಲಿಲ್ಲ, ಇಂದೂ ಇಲ್ಲ.

“ಬರ್ರಿ, ಪೇಪರ್‌ನವರ, ಕುಂದರ್ರಿ. ಹಳೀ ಪುಸ್ತಕದ ಸುದ್ದಿ ಕೇಳ್ತೀರಿ? ಅದರಾಗ ಅಜ್ಜಾರ ಮಾತು ಒಂದಿದ್ರ, ಕೇಳಿದಾವನ ಮಾತು ನಾಕು. ಒಬ್ಬಾಂವ ನಮ್ಮ ಎಮ್ಮಿ ಹಾಲ ಕೊಡವಲ್ದು ಅಂತಾನ. ಇನ್ನೊಬ್ಬಾಂವ ಅಳಿಯನ ಸುದ್ದಿ ತಗೀತಾನ. ಅಂಥಾದ್ದೆಲ್ಲ ಅಜ್ಜಾರ ಮಾತಿನ ಬಾಜೂಕ ಛಾಪಸೂದು ಶೋಭಾ ಏನ್ರಿ? ಪ್ರಶ್ನಿ ಎಲ್ಲಾ ತಗದೇವಿ. ಬರೇ ಉತ್ತರ ಇಟ್ಟೇವಿ.”

“ಅಧ್ಯಾಯ ಹೆಂಗ ಮಾಡಿದ್ರಿ?”

“ವಿಷಯವಾರು. ಬಿತ್ತಿಗೆ ಮಾತು ಒಕ್ಕಲಿಗರಿಗೆ, ತಕ್ಕಡಿ ಮಾತು ವ್ಯಾಪಾರಸ್ಥರಿಗೆ, ಒಲಿ ಮಾತು ಹೆಣ್ಮಕ್ಕಳಿಗೆ.”

“ಒಲಿ ಮಾತು ಹೆಣ್ಮಕ್ಕಳಿಗೇ ಹೇಳಿದ್ದು ಅಂತ ಹೆಂಗ ಗೊತ್ತಾತು?”

ಈರಣ್ಣನವರು ನಕ್ಕರು. “ಮತ್ತ ನಿಮಗ ಹೇಳ್ತಾರೇನ್ರಿ?”

ಹಳೆಯ ಪುಸ್ತಕದ ಪ್ರತಿ ತೋರಿಸಿ ಎಂದೆ. ಇಲ್ಲ ಎಂದರು. ಮುಚ್ಚಿಡುವ ದನಿಯಿರಲಿಲ್ಲ, ಹೆಮ್ಮೆಯಿತ್ತು. ಹೊಸದು ಬಂದ ಮೇಲೆ ಮನೆ ಮನೆಗೆ ಹೋಗಿ ಹಳೆಯವನ್ನೆಲ್ಲ ಕೂಡಿಸಿ, ಹೂವೇರಿಸಿ, ಆರತಿ ಬೆಳಗಿ ಮಲಪ್ರಭೆಗೆ ಬಿಟ್ಟಿದ್ದರಂತೆ. “ಅಜ್ಜಾರ ಪುಸ್ತಕ ರದ್ದಿಗೆ ಹಾಕಾಕ ಬರತೈತೇನು?” ಎಂದು ನನ್ನನ್ನೇ ಕೇಳಿದರು. ಏಳುವ ಹೊತ್ತಿಗೆ ತಾವಾಗಿಯೇ ಸೇರಿಸಿದರು: “ರಾಮದುರ್ಗದ ವೆಂಕಣ್ಣಾಚಾರ್ರು ಒಬ್ರು ಕೊಡಲಿಲ್ಲ ನೋಡ್ರಿ. ಭಾಳ ಹಟಮಾರಿ ಮುದುಕ.”

ಆಚಾರ್ಯರ ಮನೆ ರಾಮದುರ್ಗದಲ್ಲಿ ಹೊಳೆಯ ಕಡೆಗಿನ ಓಣಿಯಲ್ಲಿತ್ತು. ವೈದಿಕರ ಮನೆತನ, ಅವರು ಹಿಂದೆ ಶಾಲೆಯಲ್ಲಿ ಸಂಸ್ಕೃತ ಕಲಿಸುತ್ತಿದ್ದರು. ವಯಸ್ಸು ತೊಂಬತ್ತರ ಹತ್ತಿರ. ನಾನು ಹೋದಾಗ ಗ್ಯಾಸ್ ಒಲೆಯ ಮುಂದೆ ನಿಂತು ಸಾರಿಗೆ ಹುಣಸೆ ಹಿಂಡುತ್ತಿದ್ದರು. ಮಗ, ಸೊಸೆ ಇಬ್ಬರೂ ನಡುಮನೆಯಲ್ಲಿ ಟಿವಿ ನೋಡುತ್ತಿದ್ದರು.

“ಕೂಡ್ರಿ. ಸಾರು ಕುದಿಯೂತನಕಾ ಮಾತಾಡೋಣು. ಏನು ಬೇಕಾಗಿತ್ತು?”

ನಾನು ಟ್ರಸ್ಟಿನ ಪುಸ್ತಕದ ಆ ಪುಟವನ್ನು ಓದಿದೆ, ಅಧ್ಯಾಯದ ಹೆಸರನ್ನೂ ಓದಿದೆ. ಆಚಾರ್ಯರು ಸೌಟು ಕೆಳಗಿಟ್ಟರು.

“ಸ್ತ್ರೀಯರಿಗೆ? ಅದು ನನಗ ಹೇಳಿದ್ದು!”

ನಡುಮನೆಯ ಟಿವಿ ದನಿ ಕಡಿಮೆಯಾಯಿತು.

“ನನಗಾಗ ಇಪ್ಪತ್ತೈದು ಇದ್ದೀತು. ದಿನಾ ಸಂಜಿಗೆ ತೊರಗಲ್ಲಿಗೆ ಹೋಗಿ, ಗಿಡದ ಬುಡಕ ಕೂತು, ಪುಸ್ತಕ ತೆಗೆದು ಅಜ್ಜಗ ಪ್ರಶ್ನಿ ಕೇಳೂದು. ಬಾಜೂಕ ಮೂರು ಕಲ್ಲಿನ ಒಲಿ. ಬಂದವರಿಗೆಲ್ಲಾ ಹೆಣ್ಣಮಕ್ಕಳು ರೊಟ್ಟಿ ಬಡೀತಿದ್ರು. ನನಗ ಅದು ಕಣ್ಣಿಗೇ ಬೀಳ್ತಿದ್ದಿಲ್ಲ. ಒಂದಿನ ಕೇಳಿದೆ, ‘ಅಜ್ಜಾ, ಮಾತಿನ ನಿದ್ದಿಯಿಂದ ಎಚ್ಚರಾಗೂದು ಹ್ಯಾಂಗ?’ ಅಂತ. ಅಜ್ಜ ನನ್ನ ಮಾರಿ ನೋಡಿ ಅಂದ, ‘ಪುಸ್ತಕ ಕೆಳಗಿಡು. ಒಲಿ ಹಚ್ಚು.’”

“ನೀವು ಏನ ಮಾಡಿದ್ರಿ?”

“ಹಚ್ಚಿದೆ! ಹಸೀ ಕಟಗಿ. ಊದಿ ಊದಿ ಸಾಕಾತು. ನಮ್ಮ ತಂದಿ, ಊರ ಮಂದಿಗೆಲ್ಲಾ ಒಲಿ ಹಚ್ಚಿ ಅವರ ಪಂಕ್ತಿಯೊಳಗ ಉಂಡು ಬಂದಾನ ಅಂತ ನನ್ನ ಮನಿಯೊಳಗ ಕರಕೊಳ್ಳಲಿಲ್ಲ. ಕಟ್ಟಿಮ್ಯಾಲೆ ಮಲಗಿದೆ. ಆದ್ರ ಒಲಿ ಬಿಡಲಿಲ್ಲ. ಇವತ್ತಿನ ತನಕಾ ಈ ಮನಿ ಸಾರು ನಂದ.”

ಪುಸ್ತಕ ತಂದು ಕೊಟ್ಟರು. ಅಂಚು ತುಂಡಾಗಿತ್ತು, ಅಕ್ಷರ ಸ್ಪಷ್ಟವಾಗಿದ್ದವು. ‘ರಾಮದುರ್ಗದ ವೆಂಕಣ್ಣ ಮಾಸ್ತರರು ಕೇಳಿದ್ದು’ ಎಂಬ ತಲೆಬರಹ, ಕೆಳಗೆ ಪ್ರಶ್ನೆ, ಅದರ ಕೆಳಗೆ ಉತ್ತರ. ಮುಂದಿನ ತಲೆಬರಹ ‘ಸಾಲಹಳ್ಳಿಯ ಗಂಗವ್ವ ಕೇಳಿದ್ದು’. ಗಂಗವ್ವ ಯಾರೆಂದು ವಿಚಾರಿಸಿದೆ.

“ಒಲಿ ಮುಂದಿದ್ದಾಕಿ. ನಾ ಒಲಿಗೆ ಹೋದೆನಲ್ಲಾ, ಆಕಿ ಬಂದು ನನ್ನ ಜಾಗಾಕ್ಕ ಕೂತಳು. ಜಾಗಾ ಖಾಲಿ ಇತ್ತು.”

ನಕಲು ಮಾಡಿಸಿ ತಿರುಗಿ ತಂದುಕೊಡುತ್ತೇನೆ ಎಂದಾಗ ಆಚಾರ್ಯರು ನನ್ನ ಕೈ ಹಿಡಿದರು. “ತಪ್ಪದ ತರ್ರಿ. ಟ್ರಸ್ಟಿನವರು ಹೊಳಿಗೆ ಬಿಡತೇವಿ ಅಂತ ಕೇಳಿದ್ರು, ಕೊಡಲಿಲ್ಲ. ಮಹಾಪೂರ ಬಂದಾಗ ಹೊಳಿನ ಸ್ವತಃ ಮನಿತನಕಾ ಬಂದು ಕೇಳ್ತು. ಆಗೂ ಕೊಡಲಿಲ್ಲ.”

ಒಬ್ಬರ ನೆನಪು ಮತ್ತು ಒಂದು ಪುಸ್ತಕ ಕೂಡಿದರೆ ಸಾಕೆನ್ನಬಹುದು. ಆದರೂ ಇನ್ನೊಬ್ಬ ಸಾಕ್ಷಿ ಬದುಕಿದ್ದರೆ ಕೇಳದೆ ಬರೆಯುವುದು ನಮ್ಮ ಕಸುಬಿನ ರೀತಿಯಲ್ಲ. ಗಂಗವ್ವ ಸಾಲಹಳ್ಳಿಯಲ್ಲಿದ್ದರು. ಕಿವಿ ಮಂದ, ನೆನಪು ಚುರುಕು. ಆಚಾರ್ಯರ ಹೆಸರು ಹೇಳುತ್ತಲೇ ಸೆರಗು ಬಾಯಿಗೆ ಹಿಡಿದು ನಗತೊಡಗಿದರು.

“ಹೌದ್ರಿ ಯಪ್ಪಾ, ಆಚಾರ್ರು ಒಲಿ ಹಚ್ಚಿದ್ರು. ಬರೇ ಹೊಗಿ! ಅವತ್ತ ಅಜ್ಜನ ಕಣ್ಣಾಗೂ ನೀರ ಬಂತು. ಮಂದಿ ಭಕ್ತಿಲೆ ಬಂತು ಅಂದ್ರು.”

ಅಂಕಣ ಬರೆದೆ. ಮೊದಲ ಪುಸ್ತಕ ಹಳೆಯ ಪ್ರಶ್ನೋತ್ತರ. ನಕಲು ಎಲ್ಲಿ ಸಿಗುತ್ತದೆ ಎಂಬ ವಿವರ ಕೊಟ್ಟೆ. ಎರಡನೆಯದು ಪ್ರಬಂಧ, ನಿದ್ದೆಗಳ ಅಧ್ಯಾಯವಷ್ಟೇ ಸಾಕು ಎಂದೆ. ಮೂರನೆಯದು ಟ್ರಸ್ಟಿನ ಪುಸ್ತಕ; ಹಳೆಯದನ್ನು ಪಕ್ಕಕ್ಕಿಟ್ಟುಕೊಂಡೇ ಓದಬೇಕು ಎಂದೆ. ಪವಾಡಗಳ ಸಂಗ್ರಹ ಬೋಧನೆ ತಿಳಿಯಲು ಬೇಕಿಲ್ಲ. ಮೂರನೆಯದನ್ನು ಹಾಗೇಕೆ ಓದಬೇಕು ಎಂಬುದಕ್ಕೆ ಒಲೆಯ ಮಾತಿನ ಪ್ಯಾರಾ ಬರೆದಿದ್ದೆ. ನಿಯಮದಂತೆ ಅದನ್ನು ಈರಣ್ಣನವರಿಗೆ ಫೋನಿನಲ್ಲಿ ಓದಿ ಹೇಳಿ, ಅವರ ಪ್ರತಿಕ್ರಿಯೆ ಕೇಳಿದೆ. “ಅಜ್ಜಾರ ಮಾತು ಎಲ್ಲರಿಗೂ ಲಾಗೂ ಆಗತೈತಿ. ಹಂಗ ಬರಕೋರಿ,” ಎಂದರು. ಎಲ್ಲರಿಗೂ ಅನ್ವಯಿಸುತ್ತದೆ ಎಂಬ ಆ ಮಾತನ್ನು ಹಾಗೆಯೇ ಬರೆದುಕೊಂಡೆ.

ಮರುದಿನ ಡೆಸ್ಕಿನಿಂದ ಸುದ್ದಿ ಸಂಪಾದಕರ ಫೋನು.

“ಪಟ್ಟಿ ಛಲೋ ಅದ. ಒಲಿ ಪ್ಯಾರಾ ಒಂದು ತಗದಬಿಡ್ರಿ. ಸವದತ್ತಿಯಿಂದ ಭಕ್ತರ ಫೋನ್ ಬರಲಿಕ್ಕೆ ಹತ್ಯಾವ.”

“ಅದರಾಗ ತಪ್ಪು ಯಾವುದು, ಹೇಳ್ರಿ. ತಗೀತೇನಿ.”

“ತಪ್ಪು ಅಂತ ಯಾರ ಅಂದ್ರು? ನಿವೃತ್ತಿ ಹೊತ್ತಿನ್ಯಾಗ ಯಾಕ ಇದು, ಅಂತ.”

“ಆ ಪ್ಯಾರಾ ಇರಲಾರದ ಪಟ್ಟಿ ನಂದಲ್ಲ. ಹಾಕಿದ್ರ ಪೂರಾ ಹಾಕ್ರಿ, ಇಲ್ಲಂದ್ರ ಅಂಕಣನ ನಿಲ್ಲಿಸ್ರಿ.”

ಅವರು ಫೋನಿಟ್ಟರು. ಭಾನುವಾರ ಅಂಕಣ ಪೂರಾ ಬಂತು, ಪಕ್ಕದಲ್ಲಿ ಈರಣ್ಣನವರ ಮಾತೂ ಬಂತು. ಸೋಮವಾರ ಶಾಂತಕ್ಕ ಫೋನು ಮಾಡಿದರು. “ಅಂದ್ರ ಅಜ್ಜಾರು ಹೇಳಿರಲಿಲ್ಲ, ಸರ. ನಮಗ ಹೇಳಿರಲಿಲ್ಲ.” ಆಮೇಲೆ ತರಗತಿಯ ದನಿಯಲ್ಲಿ ಕೇಳಿದರು: “ಎಲ್ಲರಿಗೂ ಲಾಗೂ ಅಂದಾರ. ಎಲ್ಲರಾಗ ಈರಣ್ಣನವರೂ ಬರತಾರಲ್ಲ?”

ಆ ಗುರುವಾರ ಸಭಾಂಗಣಕ್ಕೆ ಕೀಲಿ ಬಿದ್ದಿತ್ತು. ವರದಿಗೆಂದು ನಾನು ಎದುರಿನ ಅಂಗಡಿಯ ಕಟ್ಟೆಯ ಮೇಲೆ ನಿಂತಿದ್ದೆ. ಹೆಂಗಸರು ಒಬ್ಬೊಬ್ಬರಾಗಿ ಬಂದು ಮೆಟ್ಟಿಲುಗಳ ಮೇಲೆ ಕೂತರು. ಕೆಲವರು ಬರಲಿಲ್ಲ. ಹಿಂದೆಂದೂ ಬರದಿದ್ದ ಕೆಲವರು ಬಂದರು. ಶಾಂತಕ್ಕ ನಕಲು ಪ್ರತಿ ತೆರೆದು, ಬಜಾರಿನ ಗದ್ದಲದ ಮೇಲೆ ಕೇಳುವಂತೆ, ಎಮ್ಮೆ ಹಾಲು ಕೊಡದ ರೈತನ ಪ್ರಶ್ನೆಯನ್ನು ಓದಿದರು. ಆಮೇಲೆ ಅಜ್ಜನ ಉತ್ತರ.

ಈರಣ್ಣನವರು ಸವದತ್ತಿಯಿಂದ ಬಂದು ಕಾರಿನಿಂದ ಇಳಿದರು.

“ಏನ್ರಿ ಇದು, ಶಾಂತಕ್ಕಾರ? ಅಜ್ಜಾರ ಮಾತು ಬಜಾರದಾಗ ತಂದ್ರಲ್ಲ?”

“ಕೀಲಿ ಹಾಕಿದಾವ್ರು ನೀವು. ನಾವು ಬಾಗಲತನಕಾ ಬಂದೇವಿ.” ಶಾಂತಕ್ಕ ಕೂತಲ್ಲಿಂದ ಏಳಲಿಲ್ಲ. “ಛಲೋ ಹೊತ್ತಿಗೆ ಬಂದ್ರಿ ನೋಡ್ರಿ. ಅಜ್ಜಾರ ಮಾತು ಎಲ್ಲರಿಗೂ ಲಾಗೂ ಅಂತ ಪೇಪರ್‌ನ್ಯಾಗ ಹೇಳೀರಿ. ಒಲಿ ಒಳಗೈತಿ, ಕೀಲಿ ನಿಮ್ಮ ಕಿಸೆದಾಗೈತಿ. ಎಲ್ಲಾರಿಗೂ ಚಹಾ ಮಾಡ್ರಿ. ಸಕ್ರಿ ಕಡಿಮಿ ಇರಲಿ.”

ಮೆಟ್ಟಿಲ ಮೇಲೆ ನಗೆ ಎದ್ದಿತು. ಎದುರಿನ ಅಂಗಡಿಯವರೂ ನಕ್ಕರು. ಈರಣ್ಣನವರ ಕೈ ಒಂದು ಕ್ಷಣ ಕಿಸೆಯ ಕಡೆ ಹೋದದ್ದನ್ನು ನಾನು ಕಂಡೆ. ಬಾಗಿಲು ತೆರೆಯಲಿಲ್ಲ. ಕಾರು ಹತ್ತಿ ಹೋದರು. ಶಾಂತಕ್ಕ ಪುಟ ತಿರುವಿ ಮುಂದಿನ ಪ್ರಶ್ನೆ ಓದಿದರು.

ಆ ಬಾಗಿಲು ಇವರಿಗೆ ಇಂದಿಗೂ ತೆರೆದಿಲ್ಲ. ಗುರುವಾರದ ಓದು ಮೆಟ್ಟಿಲ ಮೇಲೆಯೇ ನಡೆಯುತ್ತಿದೆ. ಮಳೆ ಬಂದರೆ ಕೊಡೆ ಹಿಡಿಯುತ್ತಾರೆ. ಆ ಪುಟ ತೋರಿಸಿ ಹೆಂಡತಿಯನ್ನು ತಡೆಯುವ ಗಂಡಸಿಗೆ ಈಗ ಮನೆಯಲ್ಲಿ ಕಡ್ಡಿಪೆಟ್ಟಿಗೆ ಕೈಗೆ ಬರುತ್ತದೆ ಎಂದು ಶಾಂತಕ್ಕ ಹೇಳುತ್ತಾರೆ. ಇದನ್ನು ನಾನು ಎರಡನೆಯ ಮೂಲದಿಂದ ಖಚಿತಪಡಿಸಿಕೊಂಡಿಲ್ಲ.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಗುರುವಿನ ಪುಸ್ತಕ ಆರಿಸುವಾಗ ರಟ್ಟು, ಗಾತ್ರ, ಮುನ್ನುಡಿ ಬರೆದವರ ಹೆಸರು ನೋಡಬೇಡಿ. ಪ್ರಶ್ನೆ ಕೇಳಿದವರು ಆ ಪುಸ್ತಕದಲ್ಲಿ ಇದ್ದಾರೆಯೇ ನೋಡಿ. ಅವರ ಎಮ್ಮೆ, ಅವರ ಅಳಿಯ, ಅವರ ಹೊಗೆ ಇದ್ದಾವೆಯೇ ನೋಡಿ. ಕೇಳಿದವರನ್ನು ಅಳಿಸಿದ ಪುಸ್ತಕದಲ್ಲಿ ಉತ್ತರವನ್ನು ಯಾರ ತಲೆಗೆ ಬೇಕಾದರೂ ಕಟ್ಟಬಹುದು. ಸಾಮಾನ್ಯವಾಗಿ ಅದನ್ನು ಕಟ್ಟುವುದು ಎದುರು ಮಾತಾಡಲಾರರು ಎಂದುಕೊಂಡವರ ತಲೆಗೆ.

ಪಟ್ಟಿ ಕೇಳಿ ಈಗಲೂ ಪತ್ರ ಬರುತ್ತವೆ. ಒಲೆಯ ಪ್ಯಾರಾ ತೆಗೆದು ಕಳಿಸಿ ಎಂದು ಟ್ರಸ್ಟಿನವರೂ ಒಮ್ಮೊಮ್ಮೆ ಹೇಳಿ ಕಳಿಸುತ್ತಾರೆ. ಪಟ್ಟಿ ಕಳಿಸುತ್ತೇನೆ. ಪ್ಯಾರಾ ಅದರಲ್ಲೇ ಇರುತ್ತದೆ.