ರಾಹುಕಾಲದಲ್ಲಿ ಒಂದು ಗೋಲು

ಕಂಟೋನ್ಮೆಂಟ್ ಕಡೆಯ ದೊಡ್ಡ ಫುಟ್‌ಬಾಲ್ ಸ್ಟೇಡಿಯಂಗೆ ಒಂದು ಚರಿತ್ರೆ ಇದೆಯಂತೆ. ಮೊದಲು ಬರೀ ಮೈದಾನ, ಆಮೇಲೆ ಸಿಮೆಂಟಿನ ಮೆಟ್ಟಿಲು, ಆಮೇಲೆ ದೂರದೂರಿನ ತಂಡಗಳು ಎಂದು ಬಲ್ಲವರು ಹೇಳುತ್ತಾರೆ. ಜಯನಗರದ ನಮ್ಮ ಮನೆಯಲ್ಲಿ ಚಾಲ್ತಿಯಲ್ಲಿದ್ದ ಚರಿತ್ರೆ ಎಪ್ಪತ್ತರ ದಶಕದ ಕೊನೆಯ ಒಂದು ಭಾನುವಾರದ್ದು ಮಾತ್ರ. ಅದೂ ಪೂರ್ತಿ ನಿಜವಲ್ಲ.

ನಮ್ಮ ಬೀದಿಯಲ್ಲಿ ಆಟ ಅಂದರೆ ಕ್ರಿಕೆಟ್. ಫುಟ್‌ಬಾಲ್ ಆಡುವ ನನ್ನಣ್ಣನನ್ನು ಎಲ್ಲರೂ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದವನಂತೆ ಕನಿಕರದಿಂದ ನೋಡುತ್ತಿದ್ದರು. ಅಪ್ಪ ನೋಡುತ್ತಲೇ ಇರಲಿಲ್ಲ. ಅವರು ಸರ್ಕಾರಿ ಕಚೇರಿಯಲ್ಲಿ ಹೆಡ್ ಕ್ಲರ್ಕ್, ಪಂಚಾಂಗ ನೋಡದೆ ಪೆನ್ನಿಗೆ ಇಂಕು ತುಂಬುವವರಲ್ಲ. ಅಣ್ಣನಿಗೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದ್ದು ಆಟದ ದೆಸೆಯಿಂದ. ಅಪ್ಪನ ಪ್ರಕಾರ ಅದು ಗುರುಬಲ.

ಕಾರ್ಖಾನೆಯ ತಂಡದಲ್ಲಿ ಅಣ್ಣ ಮೊದಲ ಸಲ ಆ ಸ್ಟೇಡಿಯಂನಲ್ಲಿ ಆಡುವವನಿದ್ದ. ಹಿಂದಿನ ದಿನ ನನ್ನನ್ನು ಅಡುಗೆಮನೆಗೆ ಕರೆದ.

"ಅಪ್ಪನ್ನ ಹೇಗಾದ್ರೂ ಕರ್ಕೊಂಡ್ ಬಾರೇ. ಒಂದ್ಸಲ ನೋಡ್ಲಿ, ಸಾಕು."

ಅಪ್ಪ ಒಂದೇ ಮಾತಿಗೆ ಒಪ್ಪಿದರು. ಮ್ಯಾಚು ನಾಲ್ಕೂವರೆಗೆ ಎಂದು ತಿಳಿದ ಮೇಲೆ ಮುಖ ಸಣ್ಣದಾಯಿತು. ಭಾನುವಾರ ನಾಲ್ಕೂವರೆಯಿಂದ ಆರರವರೆಗೆ ರಾಹುಕಾಲ. ರಾಹು ಎದುರು ತಂಡಕ್ಕೂ ಅಷ್ಟೇ ಕಾಟ ಕೊಡುತ್ತಾನಲ್ಲ ಎಂಬ ನನ್ನ ವಾದಕ್ಕೆ ಬೆಲೆ ಸಿಗಲಿಲ್ಲ.

ಆದರೂ ಕೊಟ್ಟ ಮಾತಿಗೆ ಅಪ್ಪ ತಪ್ಪಲಿಲ್ಲ. ರಾಹುಕಾಲ ತಟ್ಟದ ಹಾಗೆ ಪುಳಿಯೋಗರೆ ಡಬ್ಬಿ ಹಿಡಿದು ಎರಡು ಗಂಟೆಗೇ ಹೊರಟು, ಕಾದ ಮೆಟ್ಟಿಲಿನ ಮೇಲೆ ಪೇಪರ್ ಹಾಸಿ ಮೊದಲ ಸಾಲಿನಲ್ಲೇ ಕೂತೆವು. ಇನ್ನೇನು ಆಟ ಶುರುವಾಗಬೇಕು, ಅಪ್ಪ ಮೈದಾನಕ್ಕೆ ಬೆನ್ನು ಹಾಕಿ, ಹಿಂದಿನ ಸಾಲಿನವರ ಮೊಣಕಾಲು ನೋಡುತ್ತ ಚಕ್ಕಳಮಕ್ಕಳ ಹಾಕಿ ಕೂತರು.

"ರಾಹುಕಾಲದಲ್ಲಿ ನಾನು ಕಣ್ಣು ಹಾಕಿದ್ರೆ ಅವನಿಗೇ ಕೇಡು ಕಣೇ. ಆರಕ್ಕೆ ತಿರುಗ್ತೀನಿ. ಅಲ್ಲೀವರ್ಗೂ ನೀನು ಹೇಳ್ತಾ ಇರು."

ಹಿಂದಿನ ಸಾಲಿನವನೊಬ್ಬ ಬಗ್ಗಿ, "ಸಾರ್, ಆಟ ಆ ಕಡೆ ನಡೀತಿದೆ" ಎಂದ.

"ಗೊತ್ತು" ಎಂದರು ಅಪ್ಪ.

ನನಗೆ ನಾಚಿಕೆಯಿಂದ ಎದ್ದು ಓಡಿಹೋಗೋಣ ಅನ್ನಿಸಿತು. ಆದರೂ ಹೇಳುತ್ತಾ ಹೋದೆ. ಅಣ್ಣ ಓಡಿದ, ಬಿದ್ದ, ಎದ್ದ. ಅರ್ಧ ಆಟಕ್ಕೆ ಮುಂಚೆ ಅವನ ಎಡಗಾಲಿನ ಹೊಡೆತಕ್ಕೆ ಚೆಂಡು ಗೋಲ್‌ಕೀಪರನ ಕಂಕುಳಡಿ ನುಗ್ಗಿತು. ಸ್ಟೇಡಿಯಂ ಎದ್ದು ನಿಂತಿತು. ನಾನೂ ಎದ್ದು ಕುಣಿದೆ. ಮತ್ತೆ ಕೂತಾಗ ಅಪ್ಪ ಪಂಚೆಯ ಅಂಚಿನಿಂದ ಕನ್ನಡಕ ಒರೆಸುತ್ತಿದ್ದರು. "ಹೂಂ, ಆಮೇಲೆ?" ಎಂದರು. ಎಂಥ ಕಲ್ಲು ಮನುಷ್ಯ ಎಂದು ಸಿಟ್ಟು ನೆತ್ತಿಗೇರಿತು.

ಐದೂ ಮುಕ್ಕಾಲಿಗೆ ಅಣ್ಣನ ಕಾಲು ಉಳುಕಿ ಅವನನ್ನು ಹೊರಗೆ ಕೂರಿಸಿದರು. ಅದನ್ನು ನಾನು ಹೇಳಲಿಲ್ಲ. ಹೇಳಿದ್ದರೆ ರಾಹುವಿಗೆ ಜಯವಾಗುತ್ತಿತ್ತು. ಸರಿಯಾಗಿ ಆರಕ್ಕೆ ಅಪ್ಪ ತಿರುಗಿ, ಕನ್ನಡಕ ಸರಿಮಾಡಿಕೊಂಡು ಮೈದಾನವೆಲ್ಲ ಹುಡುಕಿದರು.

"ಎಲ್ಲೇ ಅವನು?"

ಕುಂಟುತ್ತ ಮನೆಗೆ ಬಂದ ಅಣ್ಣ ಬಾಗಿಲಲ್ಲೇ, "ನೋಡಿದ್ರಾ?" ಎಂದು ಪಿಸುಗುಟ್ಟಿದ. "ನೋಡಿದ್ರು" ಎಂದೆ. ಒಳಗೆ ಅಪ್ಪ ಆಗಲೇ ಅಮ್ಮನಿಗೆ ಎಡಗಾಲು, ಕಂಕುಳು ಎಲ್ಲ ವರ್ಣಿಸುತ್ತಿದ್ದರು. ತ್ಯಾಗರಾಜನಗರದ ನೆಂಟರು ಬಂದಾಗಲೆಲ್ಲ ಆ ಗೋಲು ಆಗಲೇಬೇಕು. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಅಣ್ಣ ಅದನ್ನು ಅರ್ಧ ಮೈದಾನದಿಂದ ಹೊಡೆದಿದ್ದ. ಪ್ರತಿ ಸಲವೂ ಅವನು ತಲೆಯಾಡಿಸಿ "ಹೌದು" ಅನ್ನುತ್ತಿದ್ದ.

ಅಪ್ಪನ ವೈಕುಂಠ ಸಮಾರಾಧನೆಯ ದಿನ ತಡೆಯಲಾಗದೆ ಬಾಯಿಬಿಟ್ಟೆ. "ಅವತ್ತು ಅಪ್ಪ ನೋಡ್ಲೇ ಇಲ್ಲ ಕಣೋ."

"ಗೊತ್ತು" ಎಂದ ಅಣ್ಣ. "ಬಾಗಿಲಲ್ಲಿ ಕೇಳಿದ್ದು ನೀನೇನಂತೀಯ ನೋಡೋಣ ಅಂತ. ಗೋಲ್ ಹೊಡ್ದು ಮೊದ್ಲು ನೋಡಿದ್ದೇ ನಿಮ್ ಕಡೆ. ಎಲ್ರೂ ಎದ್ದು ಕೂಗ್ತಿದ್ರು. ಒಂದು ಬೆನ್ನು ಮಾತ್ರ ಕೂತಲ್ಲೇ ಬಿಕ್ಕಿ ಬಿಕ್ಕಿ ಅಲ್ಲಾಡ್ತಿತ್ತು. ನೀನು ಪಕ್ಕದಲ್ಲೇ ಇದ್ಯಲ್ಲ, ನೋಡ್ಲಿಲ್ವಾ?"

ನಾನು ನೋಡಿರಲಿಲ್ಲ.