ಕಾವಲಿನ ಹುಲ್ಲು, ನಮ್ಮ ರಾಗಿ

ಮಗಳು ಹೈಸ್ಕೂಲಿನಲ್ಲಿದ್ದಾಗ ಒಂದು ಸಂಜೆ ಚರಿತ್ರೆಯ ಪಾಠವನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಳು. ಅಮೆರಿಕದಲ್ಲಿ ಜನ ಗಾಡಿ ಕಟ್ಟಿಕೊಂಡು ಪಶ್ಚಿಮಕ್ಕೆ ಹೋದರಂತೆ, ಸರ್ಕಾರ ಕೊಟ್ಟ ಹುಲ್ಲುಗಾವಲನ್ನು ಉತ್ತು ಅಲ್ಲೇ ನೆಲೆಸಿದರಂತೆ. ನಾನು ಒಲೆಯ ಮುಂದೆ ರೊಟ್ಟಿ ತಟ್ಟುತ್ತಾ, "ಕೋಳಿ ತಗೊಂಡೋಗಿದ್ರಂತಾ?" ಎಂದು ಕೇಳಿದೆ. ಪುಸ್ತಕದಲ್ಲಿ ಕೋಳಿಯ ವಿಷಯ ಇರಲಿಲ್ಲ. ಕೋಳಿ ಇಲ್ಲದೆ ಹೊಸ ಜಾಗದಲ್ಲಿ ಬದುಕಿದೆವೆಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ. ನಾವೂ ಹಾಗೆ ಗಾಡಿ ಕಟ್ಟಿಕೊಂಡು ಹೋದವರೇ. ನಮ್ಮದು ಪಶ್ಚಿಮವಲ್ಲ, ಬಡಗಣ ದಿಕ್ಕು. ಪಂಚನಹಳ್ಳಿಯ ಹತ್ತಿರದಿಂದ ಅಜ್ಜಂಪುರದ ಕಡೆಗೆ.

ನನ್ನ ತವರು ಸಖರಾಯಪಟ್ಟಣ. ತೆಂಗಿನ ತೋಟದ ಮನೆಯಿಂದ ಬಂದವಳೆಂದು ಗಂಡನ ಮನೆಯವರು ಮೊದಮೊದಲು ನನ್ನನ್ನು ಸ್ವಲ್ಪ ಎತ್ತರದಲ್ಲೇ ಕೂರಿಸಿದ್ದರು. ಆ ಎತ್ತರ ಹೆಚ್ಚು ದಿನ ಉಳಿಯಲಿಲ್ಲ. ಅಣ್ಣತಮ್ಮಂದಿರು ಪಾಲಾದರು, ನಮ್ಮ ಯಜಮಾನರ ಪಾಲಿಗೆ ಬಂದದ್ದು ಒಂದು ಚೂರು ಬೆದ್ದಲು. ಅದರಲ್ಲೂ ಪಕ್ಕದವರು ವರ್ಷಕ್ಕೊಂದು ಸಾಲು ಒತ್ತಿ ಉಳುತ್ತಿದ್ದರು. ಆಗ ಅಜ್ಜಂಪುರದ ಕಡೆ ಕಾವಲು ಜಮೀನನ್ನು ದರಖಾಸ್ತಿನಲ್ಲಿ ಕೊಡುತ್ತಿದ್ದಾರೆ ಎಂಬ ಸುದ್ದಿ ಬಂತು. ಕಾವಲು ಎಂದರೆ ಹಿಂದೆ ಅರಮನೆಯ ದನಗಳ ಮೇವಿಗೆಂದೇ ಬಿಟ್ಟಿದ್ದ ಹುಲ್ಲುಗಾವಲು. ಅರ್ಜಿ ಹಾಕಿದವರಿಗೆ ಸರ್ಕಾರ ಅದನ್ನು ಅಳೆದು ಕೊಡುತ್ತಿತ್ತು. ಆದರೆ ಒಂದು ಷರತ್ತು ಇತ್ತು. ಮೂರನೆಯ ಬೆಳೆಯ ಹೊತ್ತಿಗೆ ಹೊಲ ಹೊಲದ ಹಾಗೆ ಕಾಣಬೇಕು. ಇಲ್ಲದಿದ್ದರೆ ವಾಪಸು ತೆಗೆದುಕೊಂಡು ಬೇರೆಯವರಿಗೆ ಕೊಡುತ್ತಿದ್ದರು.

ಅತ್ತೆ, ನಾನು, ಯಜಮಾನರು, ಒಂದು ಜೊತೆ ಎತ್ತು, ಬೀಸುವ ಕಲ್ಲು, ಬುಟ್ಟಿಯಲ್ಲಿ ಕೋಳಿಗಳು. ಕಡೂರು, ಬೀರೂರು ದಾಟಿ ಹೋದೆವು. ಕಾವಲಿಗೆ ಬಂದು ಗಾಡಿ ನಿಲ್ಲಿಸಿದಾಗ ನನಗೆ ಅಳು ಬಂತು. ಕಣ್ಣು ಹಾಯುವಷ್ಟು ದೂರ ಹುಲ್ಲು, ಗಾಳಿ, ಅಲ್ಲೊಂದು ಇಲ್ಲೊಂದು ಜಾಲಿ. ನಮಗೆ ಅಳೆದುಕೊಟ್ಟ ಜಾಗದ ಕೆಳಗೆ ಒಂದು ಕಟ್ಟೆಯಲ್ಲಿ ನೀರಿತ್ತು, ಅಷ್ಟೇ. "ಅಳೋದಾದ್ರೆ ಇವತ್ತೇ ಅತ್ತು ಮುಗಿಸ್ಕೊಳೇ, ನಾಳೆಯಿಂದ ಗೋಡೆಗೆ ಮಣ್ಣು ತುಳೀಬೇಕು" ಎಂದರು ಅತ್ತೆ. ನಾನು ಹಾಗೇ ಮಾಡಿದೆ.

ಗೋಡೆ ಏಳುವ ಮೊದಲೇ ಯಜಮಾನರು ಬೇಲಿ ಹಾಕಿದರು. ಊರಿನಲ್ಲಿ ಸಾಲು ಸಾಲಾಗಿ ನೆಲ ಕಳೆದುಕೊಂಡ ಮನುಷ್ಯ, ಇಲ್ಲಿ ಒಂದು ಅಂಗೈ ನೆಲವನ್ನೂ ಬಿಡಲು ಸಿದ್ಧರಿರಲಿಲ್ಲ. ಸುತ್ತಲೂ ಜಾಲಿಮುಳ್ಳು ಕಡಿದು ತಂದು ಎದೆಯೆತ್ತರ ಕವಿಸಿದರು. ಕೈಯೆಲ್ಲ ಗೀರಿ ರಕ್ತ ಬಂದರೂ ಮುಖದಲ್ಲಿ ಮದುವಣಿಗನ ಕಳೆ. ಒಂದು ಬೆಳಿಗ್ಗೆ ಕುರಿಹಿಂಡಿನ ಹಿಂದೆ ಒಬ್ಬ ಅಜ್ಜ ಬಂದ. ಕಂಬಳಿ, ಕೋಲು, ಎರಡು ನಾಯಿ. ಬೇಲಿಯ ಮುಂದೆ ನಿಂತು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಏನೂ ಮಾತಾಡದೆ ಹಿಂಡನ್ನು ತಿರುಗಿಸಿಕೊಂಡು ಗುಡ್ಡವನ್ನು ಸುತ್ತಿ ಹೋದ. ಅವನ ಕುರಿಗಳು ಕಟ್ಟೆಗೆ ನೀರಿಗೆ ಇಳಿಯುತ್ತಿದ್ದ ದಾರಿ ನಮ್ಮ ಜಮೀನಿನ ನಡುವೆಯೇ ಹಾದು ಹೋಗಿತ್ತು. ಯಜಮಾನರಿಗೆ ಜಗಳವಾಗಲಿಲ್ಲವೆಂದು ಸಮಾಧಾನ. ಅತ್ತೆ ಮಾತ್ರ, "ಬೈದಿದ್ರೆ ಚೆನ್ನಾಗಿತ್ತು ಕಣೋ" ಎಂದರು.

ಮೊದಲ ವರ್ಷ ರಾಗಿ ಗೇಣುದ್ದ ಬಂದು ಹಳದಿಯಾಯಿತು. ಹೊಸ ನೆಲ, ಹಾಗೇ ಇರುತ್ತದೆ ಎಂದುಕೊಂಡೆವು. ಎರಡನೆಯ ವರ್ಷವೂ ಅದೇ ಗೇಣು, ಅದೇ ಹಳದಿ. ಮೇಲೆ ಹುಲ್ಲಿತ್ತೇ ಹೊರತು ಕೆಳಗೆಲ್ಲ ಸಣ್ಣ ಕಲ್ಲಿನ ಗರಸು. ಒಂದು ಜೊತೆ ಎತ್ತಿನ ಸಗಣಿ ಅಷ್ಟು ನೆಲಕ್ಕೆ ಯಾವ ಮೂಲೆಗೆ ಸಾಕು? ಕಂದಾಯ ಇಲಾಖೆಯ ಶೇಕ್‌ದಾರರು ಬಂದು ಬೇಲಿಯ ಆಚೆಯಿಂದಲೇ ನೋಡಿ, "ಬರೋ ವರ್ಷಾನೂ ಹಿಂಗೇ ಇದ್ರೆ ನಾನೇನೂ ಮಾಡಾಕಾಗಲ್ಲ ಕಣಪ್ಪ" ಎಂದು ಹೇಳಿ ಹೋದರು. ನನ್ನ ಅಪ್ಪ ವಿಷಯ ತಿಳಿದು, ಇಬ್ಬರೂ ಬಂದು ತೋಟದಲ್ಲಿ ಇರಿ ಎಂದು ಹೇಳಿಕಳಿಸಿದರು. ಅಲ್ಲಿ ಹೋಗಿ ಅತ್ತಿಗೆಯಂದಿರ ಕೈಯಲ್ಲಿ ಅನ್ನ ತಿನ್ನುವ ಬದಲು ಗರಸು ತಿನ್ನುವುದೇ ವಾಸಿ ಎನಿಸಿತು ನನಗೆ. ಆ ನೆಲ ಕೈಬಿಟ್ಟು ಹೋದರೆ ನಮಗೆ ಹಿಂದಿರುಗಲು ಊರೂ ಇರಲಿಲ್ಲ. ಪಾಲಿನ ಬೆದ್ದಲನ್ನು ಬರುವಾಗಲೇ ಬಿಟ್ಟುಕೊಟ್ಟು ಬಂದಿದ್ದೆವು.

ನಮ್ಮ ಹಾಗೆಯೇ ಬಂದ ಪಕ್ಕದ ಮನೆಯವರ ಹೊಲದಲ್ಲಿ ರಾಗಿ ಸೊಂಟ ಮುಟ್ಟುತ್ತಿತ್ತು. ಗುಟ್ಟೇನೂ ಇರಲಿಲ್ಲ. ಬೇಸಿಗೆಯಲ್ಲಿ ಕುರಿಯಜ್ಜ ಅವರ ಹೊಲದಲ್ಲಿ ಮಂದೆ ನಿಲ್ಲಿಸುತ್ತಿದ್ದ. ಕುರಿಗಳು ರಾತ್ರಿಯೆಲ್ಲ ಅಲ್ಲೇ ಮಲಗಿದರೆ ಹಿಕ್ಕೆ, ಗಂಜಲ ನೆಲಕ್ಕೆ ಇಳಿಯುತ್ತದೆ. ಹೊಲದವರು ಕುರಿಯವನಿಗೆ ಊಟ ಹಾಕಿ ರಾಗಿ ಕೊಡುತ್ತಾರೆ. ನಮ್ಮ ಯಜಮಾನರು ಬಿಗುಮಾನ ಬಿಟ್ಟು ಕೇಳಲು ಹೋದರು. ಅಜ್ಜ, "ದಾರಿ ಇಲ್ವಲ್ಲಪ್ಪ, ಕುರಿ ಹಾರ್ಕೊಂಡ್ ಬತ್ತಾವಾ?" ಎಂದನಂತೆ. ಇವರು ಉರಿದುಕೊಂಡು ಮನೆಗೆ ಬಂದರು. "ಇವತ್ತು ದಾರಿ ಬಿಡು ಅಂತಾನೆ, ನಾಳೆ ಹೊಲ ಬಿಡು ಅಂತಾನೆ." ನಾನು ಎದುರು ಮಾತಾಡಿದೆ. ಎರಡು ದಿನ ನಮ್ಮಿಬ್ಬರ ಮಾತು ಅತ್ತೆಯ ಮೂಲಕ ನಡೆಯಿತು.

ಆ ಬೇಸಿಗೆಯಲ್ಲಿ ಯಜಮಾನರು ಬೀರೂರು ಸ್ಟೇಷನ್ನಿನಲ್ಲಿ ಮೂಟೆ ಹೊರುವ ಕೆಲಸಕ್ಕೆ ಹೋದರು. ಅವರ ಗಾಡಿ ಮರೆಯಾದದ್ದೇ ತಡ, ನಾನು ಕವೆಗೋಲು ತೆಗೆದುಕೊಂಡು ಬೇಲಿಗೆ ಹೋದೆ. ಅತ್ತೆ ಬಯ್ಯುತ್ತಾರೆ ಎಂದುಕೊಂಡರೆ, ಸೆರಗು ಸಿಕ್ಕಿಸಿಕೊಂಡು ತಾವೂ ಬಂದರು. ಮೇಲ್ಗಡೆ ಒಂದು ಗಾಡಿ ಹೋಗುವಷ್ಟು ಕಂಡಿ ತೆಗೆದೆವು, ಕಟ್ಟೆಯ ಕಡೆಗೂ ಅಷ್ಟೇ ಅಗಲ. ಮಂದೆ ಬರುವ ದಾರಿಗೆ ಮನೆಯ ಹೆಂಗಸು ನೀರು ಹಾಕಿ ಕರೆಯುವುದು ನಮ್ಮ ಕಡೆಯ ಪದ್ಧತಿ. ಅತ್ತೆ ಬಿಂದಿಗೆ ತಂದು ಕಂಡಿಯ ಉದ್ದಕ್ಕೂ ನೀರು ಚೆಲ್ಲಿ, ಒಂದು ಮೊರ ರಾಗಿ ಇಟ್ಟುಕೊಂಡು ಕೂತರು. ಆ ಮೊರ ತುಂಬಿದ ಮೇಲೆ ಮನೆಯಲ್ಲಿ ಉಳಿದ ರಾಗಿ ಎಷ್ಟೆಂದು ನನಗೆ ಗೊತ್ತಿತ್ತು.

ಅಜ್ಜ ಬಂದ. ಹಿಂದೆ ನಿಂತಿದ್ದ ಹಾಗೆಯೇ ನಿಂತ.

"ಯಾರ್ ತೆಗ್ದಿದ್ದು?"

"ನಾನೇ" ಎಂದೆ.

"ನಿನ್ ಗಂಡ ಬಂದು ಮುಚ್ಚಿದ್ರೆ?"

"ಅವ್ರಿಗೆ ಮುದ್ದೆ ಹಾಕೋಳು ನಾನು ಕಣಜ್ಜ. ಹೆಂಗ್ ಮುಚ್ತಾರೆ ನೋಡ್ತೀನಿ."

ಅವನು ನಗಲಿಲ್ಲ. ಅತ್ತೆಯ ಕಡೆ ನೋಡಿ, "ಸೊಸೆ ಜೋರೈತೆ ತಾಯಿ" ಎಂದ. ಆಮೇಲೆ ನಾಲಿಗೆಯಿಂದ ಟರ್ ಎಂದು ಸದ್ದು ಮಾಡಿದ. ಮುಂದಿನ ಟಗರು ಒದ್ದೆ ನೆಲವನ್ನು ಮೂಸಿ ಒಳಗೆ ಬಂತು, ಅದರ ಹಿಂದೆ ಹಿಂಡು ಇಳಿಯಿತು. ಒಂದು ಪಟ್ಟಿಯಿಂದ ಇನ್ನೊಂದು ಪಟ್ಟಿಗೆ ಮಂದೆ ಬದಲಿಸುತ್ತಾ ಇಡೀ ಹೊಲವನ್ನು ಮುಗಿಸಿದ. ಮನೆ, ಬಟ್ಟೆ, ತಲೆಗೂದಲು ಎಲ್ಲ ಕುರಿ ವಾಸನೆ. ನನಗೆ ಅದು ಹಿತವಾಗಿತ್ತು.

ಯಜಮಾನರು ಮಳೆಗೆ ಮುಂಚೆ ಬಂದರು. ಕಂಡಿಯನ್ನು ನೋಡಿದರು, ಹೊಲದ ಮೇಲಿನ ಹಿಕ್ಕೆಯನ್ನು ನೋಡಿದರು, ಊಟ ಮಾಡಿ ಮಲಗಿದರು. ಮಾರನೆಯ ದಿನ ಕಲ್ಲು ಹೊತ್ತು ತಂದು ದಾರಿಯ ಎರಡೂ ಬದಿಗೆ ನೆಟ್ಟರು. ಉಳುವಾಗ ನೇಗಿಲು ದಾರಿಯ ಒಳಗೆ ಜಾರಬಾರದೆಂದು. ಅವರ ಮೇಲೆ ನನಗೆ ಅಷ್ಟು ಪ್ರೀತಿ ಉಕ್ಕಿದ್ದು ಮದುವೆಯಾದ ಮೇಲೆ ಅದೇ ಮೊದಲು.

ಆ ವರ್ಷ ರಾಗಿ ಕಪ್ಪು ಹಸಿರಾಗಿ ಎದ್ದಿತು. ಶೇಕ್‌ದಾರರು ಒಳಗೆ ಬಂದು ತೆನೆಯನ್ನು ಅಂಗೈಯಲ್ಲಿ ಉಜ್ಜಿ ನೋಡಿದರು. ಮುಂದಿನ ಬೇಸಿಗೆಯ ಹೊತ್ತಿಗೆ ಖಾತೆ ನಮ್ಮ ಹೆಸರಿಗಾಯಿತು. ಸಂತೋಷಕ್ಕೆ ಅತ್ತೆ ಹೋಳಿಗೆ ಮಾಡಿದರು. ಅಜ್ಜನಿಗೂ ಎಲೆ ಹಾಕಿದೆವು. ಅವನು ಮೂರು ಹೋಳಿಗೆ ತಿಂದು ಒಂದನ್ನು ನಾಯಿಗಳಿಗೆ ಹಂಚಿದ.

ನಮಗೆ ಸಿಕ್ಕ ಹಾಗೆ ಉಳಿದವರಿಗೂ ಸಿಗುತ್ತಾ ಹೋಯಿತು. ವರ್ಷ ವರ್ಷವೂ ಇನ್ನಷ್ಟು ಗಾಡಿಗಳು ಬಂದವು, ಇನ್ನಷ್ಟು ಹುಲ್ಲು ನೇಗಿಲಿಗೆ ಸಿಕ್ಕಿತು. ಎಲ್ಲರಿಗೂ ಅಜ್ಜನ ಮಂದೆ ಬೇಕು. ಅಜ್ಜನ ಕುರಿಗೆ ಹುಲ್ಲು ಬೇಕೆಂಬುದು ಯಾರ ತಲೆಗೂ ಬರಲಿಲ್ಲ, ನನ್ನ ತಲೆಗೂ. ಹಿಂಡು ಸಣ್ಣದಾಗುತ್ತಾ ಬಂತು. ಒಂದು ಮುಂಗಾರಿನಲ್ಲಿ ಅವನು ಕುರಿಗಳಿಲ್ಲದೆ ಬಂದು ಜಗುಲಿಯ ಮೇಲೆ ಕೂತ.

"ಮಾರ್ಬಿಟ್ಟೆ ತಾಯಿ. ಮೇಯ್ಸಾಕೆ ಎಲ್ಲೈತೆ? ಕಳೆ ಕೀಳಾಕೆ ಬರ್ಲಾ?"

ಯಜಮಾನರು, ನೀನೂ ಒಂದು ದರಖಾಸ್ತು ಹಾಕಜ್ಜ, ನಾನು ಆಫೀಸಿಗೆ ಕರಕೊಂಡು ಹೋಗುತ್ತೇನೆ ಎಂದರು. "ಉಳಾಕ್ ಬರಲ್ಲ ಕಣಪ್ಪ ನಂಗೆ" ಎಂದು ತಲೆಯಾಡಿಸಿದ.

ಮಾರನೆಯ ದಿನ ಹೆಂಗಸರ ಸಾಲಿನಲ್ಲಿ ಅವನೂ ಕೂತು ಕಳೆ ತೆಗೆದ. ನಾನು ಅವನ ಹಿಂದಿನ ಸಾಲಿನಲ್ಲಿದ್ದೆ. ತುಂಬೆ, ಅಣ್ಣೆಸೊಪ್ಪನ್ನೆಲ್ಲ ಚೊಕ್ಕವಾಗಿ ಕಿತ್ತಿದ್ದ. ರಾಗಿಯ ನಡುವೆ ಅಲ್ಲಲ್ಲಿ ಎದ್ದಿದ್ದ ಕಾವಲಿನ ಹುಲ್ಲನ್ನು ಮಾತ್ರ ಮುಟ್ಟಿರಲಿಲ್ಲ.

"ಇದ್ಯಾಕಜ್ಜ ಬಿಟ್ಬಿಟ್ಟೆ?"

ತಿರುಗಿ ನೋಡಿದ. "ಒಳ್ಳೇ ಹುಲ್ಲು ಕಣವ್ವಾ ಅದು" ಎಂದ, ನನಗೆ ಗೊತ್ತಿಲ್ಲವೇನೋ ಎಂಬಂತೆ. ಅವನ ಕೈ ಆ ಹುಲ್ಲಿನ ಬುಡಕ್ಕೆ ಹೋಗಿ, ಹಾಗೇ ವಾಪಸು ಬಂತು. ಅವನು ಮುಂದೆ ಮುಂದೆ ಸರಿಯುತ್ತಿದ್ದ ಹಾಗೆ, ಅವನಿಗೆ ಕಾಣದಂತೆ ಆ ಹುಲ್ಲನ್ನೆಲ್ಲ ಕಿತ್ತು ಮಡಿಲಿಗೆ ಹಾಕಿಕೊಳ್ಳುತ್ತಾ ಹಿಂದೆ ಹೋದೆ.